ಹಾಲಿನ ಲೆಕ್ಕದ ಕ್ಯಾಲೆಂಡರ್

ಸಾಗರದ ನನ್ನ ತವರುಮನೆಯಲ್ಲಿ ಅಡುಗೆಮನೆಗೂ ಬಾಣಂತಿ ಕೋಣೆಗೂ ನಡುವಿನ ಗೋಡೆಯ ಮೇಲೆ ಒಂದು ಮೊಳೆಯಿದೆ. ವರ್ಷ ಕಳೆದ ಮೇಲೂ ಹಳೆಯ ಕ್ಯಾಲೆಂಡರನ್ನು ತೆಗೆಯದೆ ಅದರ ಮೇಲೆಯೇ ಹೊಸದನ್ನು ತೂಗುಹಾಕುವುದು ಅಮ್ಮನ ರೂಢಿಯಾದ್ದರಿಂದ, 2017ರ ಕ್ಯಾಲೆಂಡರ್ ಇಂದಿಗೂ ಆ ಕಟ್ಟಿನ ಅಡಿಯಲ್ಲಿ ಸುರಕ್ಷಿತವಾಗಿದೆ. ಅದರ ತಾರೀಖಿನ ಚೌಕಗಳಲ್ಲಿ ನೀಲಿ ಶಾಯಿಯಲ್ಲಿರುವುದು ಅಮ್ಮನ ಬರಹ. ಅಂದು ತರಿಸಿದ ನಂದಿನಿ ಹಾಲಿನ ಪ್ಯಾಕೆಟ್ಟುಗಳು ಎರಡೋ ಮೂರೋ ಎಂಬ ಲೆಕ್ಕ. ಆಗಸ್ಟ್ ಎರಡನೆಯ ವಾರದಿಂದ ಅದೇ ಚೌಕಗಳೊಳಗೆ ಪೆನ್ಸಿಲಿನಲ್ಲಿ ಇರುಕಿಕೊಂಡಿರುವುದು ನನ್ನ ಬರಹ: ‘ಎ 12.40’, ‘ಬ 2.30’, ‘ಎ 4.10 ಕಕ್ಕಿತು’. ಎ ಎಂದರೆ ಎಡ, ಬ ಎಂದರೆ ಬಲ. ಹೀಗೆ ಒಂದೇ ಚೌಕದಲ್ಲಿ ಎರಡು ಹಾಲಿನ ಲೆಕ್ಕಗಳು ಮೂರು ತಿಂಗಳ ಕಾಲ ಒಟ್ಟಿಗೆ ಸಾಗಿವೆ.

ಮಗಳು ಹುಟ್ಟಿದಾಗ 2 ಕಿಲೋ 560 ಗ್ರಾಂ ತೂಗುತ್ತಿದ್ದಳು. ಮೊದಲ ವಾರದಲ್ಲಿ ಶಿಶುಗಳ ತೂಕ ತುಸು ಇಳಿಯುವುದು ಸಹಜವೆಂದು ಈಗ ಗೊತ್ತು. ಆಗ ಆ ಇಳಿತವೇ ನನ್ನ ಎದೆಯನ್ನು ಹಿಂಡಿತ್ತು. ಎರಡು ಗಂಟೆಗೊಮ್ಮೆ ಎಬ್ಬಿಸಿಯಾದರೂ ಹಾಲೂಡಿಸಬೇಕೆಂದು ವೈದ್ಯರು ಹೇಳಿದ್ದರು. ನಿದ್ದೆಗೆಟ್ಟ ತಲೆಯಲ್ಲಿ ಹಿಂದಿನ ಸಲ ಯಾವ ಕಡೆ ಕುಡಿಸಿದೆ ಎಂಬುದೇ ನೆನಪಿರುತ್ತಿರಲಿಲ್ಲವಾದ್ದರಿಂದ, ಎದ್ದು ಹೋಗಿ ಕೈಗೆಟಕುವ ಕ್ಯಾಲೆಂಡರಿನ ಮೇಲೆ ಗೀಚಿ ಬರುವುದು ಅಭ್ಯಾಸವಾಯಿತು. ಆಗಸ್ಟ್ 23ರ ಚೌಕದಲ್ಲಿ ಮಾತ್ರ ಸಮಯದ ಮುಂದೆ ಒಂದು ವಾಕ್ಯವಿದೆ. ‘ಬ 3.20. ಸುಮ್ಮನೆ ಅಳು. ಮಗುವಿನದಲ್ಲ.’ ತಾಯ್ತನದ ಬಗ್ಗೆ ನಾನು ಬರೆದ ಮೊದಲ ಸಾಲು ಅದು. ಬರೆಯುತ್ತಿದ್ದೇನೆಂದು ಆಗ ನನಗೇ ತಿಳಿದಿರಲಿಲ್ಲ.

ಅಳುವುದಕ್ಕೆ ಕಾರಣವೇನೂ ಇರಲಿಲ್ಲವೆಂಬುದೇ ಆ ದಿನಗಳ ದೊಡ್ಡ ಕಷ್ಟವಾಗಿತ್ತು. ಬಾಣಂತನದಲ್ಲಿ ಕೊರತೆಯೆಂಬುದು ಯಾವುದರಲ್ಲಿಯೂ ಇರಲಿಲ್ಲ. ಬೆಳಗ್ಗೆ ಎಣ್ಣೆ, ಹಂಡೆಯ ಕುದಿನೀರು, ಮೈತುಂಬ ಸಾಂಬ್ರಾಣಿ ಹೊಗೆ, ಕಿವಿಗೆ ಹತ್ತಿ, ತಲೆಗೆ ಬಿಗಿದ ಬಟ್ಟೆ, ಊಟಕ್ಕೆ ಕಾಳುಮೆಣಸಿನ ಸಾರು, ಸುಟ್ಟ ಬೆಳ್ಳುಳ್ಳಿ, ನಡುವೆ ಅಂಟಿನುಂಡೆ. ಬಾಣಂತಿಯ ಮೈಯನ್ನು ಹೇಗೆ ನೋಡಿಕೊಳ್ಳಬೇಕೆಂಬುದಕ್ಕೆ ನಮ್ಮ ಮನೆಗಳಲ್ಲಿ ಇರುವಷ್ಟು ಮಾತು, ಮದ್ದು, ಪಥ್ಯ ಬೇರೆ ಯಾವುದಕ್ಕೂ ಇರಲಾರದು. ಮನಸ್ಸಿನ ವಿಷಯಕ್ಕೆ ಬಂದಾಗ ಇದ್ದದ್ದು ಎರಡೇ ಮಾತು. ಒಂದು, ‘ಬಾಣಂತಿ ಅಳಬಾರದು, ಕಣ್ಣಿಗೆ ಕೆಟ್ಟದ್ದು’ ಎಂಬುದು. ಇನ್ನೊಂದು, ಮೆಲುದನಿಯಲ್ಲಿ ಹೇಳುವ ‘ಬಾಣಂತಿ ಸನ್ನಿ’. ಹೆರಿಗೆಯ ನಂಜಿನಿಂದ ಏರುವ ಜ್ವರಕ್ಕೂ, ಬುದ್ಧಿ ಕದಡಿ ಮಗುವನ್ನೇ ಗುರುತಿಸಲಾಗದ ಸ್ಥಿತಿಗೂ ಅದೊಂದೇ ಹೆಸರಾಗಿತ್ತು. ಆ ಎರಡು ಮಾತುಗಳ ನಡುವೆ ಎಲ್ಲೋ ಇದ್ದ ನನ್ನಂಥವಳಿಗೆ ಹೆಸರೇ ಇರಲಿಲ್ಲ. ಹೆರಿಗೆಯಾದ ಮೊದಲ ಹತ್ತು ಹದಿನೈದು ದಿನಗಳ ಅಳು ಹೆಚ್ಚಿನ ತಾಯಂದಿರಿಗೆ ಬಂದು ಹೋಗುತ್ತದೆಂದೂ, ಎರಡು ವಾರ ದಾಟಿದ ಮೇಲೂ ಅದು ನಿಲ್ಲದಿದ್ದರೆ ಖಿನ್ನತೆಯೆಂದು ಬಗೆದು ವೈದ್ಯರನ್ನು ಕಾಣಬೇಕೆಂದೂ ನನಗೆ ತಿಳಿದದ್ದು ಮಗುವಿಗೆ ನಾಲ್ಕು ತಿಂಗಳಾದ ಮೇಲೆ.

ಮರುವರ್ಷ ಇದನ್ನೆಲ್ಲ ಬರೆದು ಹಂಚಿಕೊಂಡೆ. ಬರೆಯುವಾಗ ತಾಯ್ತನದ ಬಗ್ಗೆ ಕನ್ನಡದಲ್ಲಿ ಸಿದ್ಧವಾಗಿ ಸಿಗುವ ಸಕಲ ಉಪಮೆಗಳನ್ನೂ ತುಂಬಿದ್ದೆ: ಕರುಳಬಳ್ಳಿ, ಕಡಲು, ಧರಿತ್ರಿ, ಕ್ಷಮೆ. ನಡುವೆಲ್ಲೋ ಆ ಕ್ಯಾಲೆಂಡರಿನ ನಾಲ್ಕು ದಿನಗಳ ಲೆಕ್ಕವನ್ನು ಇದ್ದ ಹಾಗೆಯೇ ಎತ್ತಿ ಬರೆದಿದ್ದೆ. ಓದಿದವರು ಬರೆದ ಪತ್ರಗಳಲ್ಲಿ ಕಡಲಿನ ಬಗ್ಗೆಯಾಗಲಿ ಧರಿತ್ರಿಯ ಬಗ್ಗೆಯಾಗಲಿ ಒಂದಕ್ಷರವೂ ಇರಲಿಲ್ಲ. ‘ನನ್ನದು ಮೂರೂಕಾಲು ಗಂಟೆ’ ಎಂದು ದಾವಣಗೆರೆಯಿಂದ ಒಬ್ಬಾಕೆ ಬರೆದರು. ತಮ್ಮ ಪಾಲಿಗೆ ಅದು ರೈಲು ಹಾದುಹೋಗುವ ಹೊತ್ತಾಗಿತ್ತೆಂದೂ, ರೈಲು ಕೂಗಿದಾಗ ಅತ್ತರೆ ಯಾರಿಗೂ ಕೇಳುತ್ತಿರಲಿಲ್ಲವೆಂದೂ ಇನ್ನೊಬ್ಬರು ಬರೆದರು. ಆವತ್ತಿನಿಂದ ನನ್ನ ಬರಹದಲ್ಲಿ ಉಪಮೆಗಳಿಗೆ ಬರಗಾಲ ಬಂದಿದೆ, ಅದಕ್ಕೆ ವಿಷಾದವೇನಿಲ್ಲ. ಹೊಗಳಿಕೆಯನ್ನು ಓದಿದ ತಾಯಿ ತಾನು ಅದಕ್ಕೆ ತಕ್ಕವಳಲ್ಲವೆಂದು ಇನ್ನಷ್ಟು ಕುಗ್ಗುತ್ತಾಳೆ. ಗಂಟೆ, ನಿಮಿಷ, ಗ್ರಾಮುಗಳನ್ನು ಓದಿದವಳು ತನ್ನ ಲೆಕ್ಕವನ್ನು ಪಕ್ಕದಲ್ಲಿಟ್ಟು ನೋಡುತ್ತಾಳೆ.

ಮನೆಯವರ ಮಾತು ಬೇರೆಯಾಗಿತ್ತು. ದೊಡ್ಡಮ್ಮ ಫೋನು ಮಾಡಿ, “ಮನೆ ಮಾತನ್ನ ಬೀದಿಗೆ ಹಾಕ್ತಾರೇನೆ? ನಿಂಗೇನು ಕಡಿಮೆ ಮಾಡಿದ್ವಿ? ಬಾಣಂತನ ಸರಿಯಾಗಿ ಮಾಡ್ಲಿಲ್ಲ ಅಂತ ನಾಲ್ಕು ಜನ ಅಂದ್ಕೊಳ್ಳಲ್ವಾ?” ಎಂದು ಬೈದರು. ಅವರ ಸಿಟ್ಟಿನಲ್ಲಿ ನ್ಯಾಯವಿತ್ತೆಂದೇ ಈಗಲೂ ಅನ್ನಿಸುತ್ತದೆ. ನಾನು ಅತ್ತದ್ದನ್ನು ಬರೆದಾಗ, ನನಗಾಗಿ ನಸುಕಿನಲ್ಲೆದ್ದು ಹಂಡೆಗೆ ಬೆಂಕಿ ಹಾಕಿದವರ ಮೇಲೆ ದೂರು ಹೇಳಿದಂತೆ ಕೇಳಿಸುತ್ತದೆಂಬುದು ನನಗೆ ಹೊಳೆದಿರಲಿಲ್ಲ. ಅಮ್ಮ ಮಾತ್ರ ಏನನ್ನೂ ಹೇಳಲಿಲ್ಲ. ಸುಮಾರು ಎರಡು ತಿಂಗಳ ನಂತರ, ಅವರೆಕಾಯಿ ಸುಲಿಯುತ್ತ ಕೂತಿದ್ದಾಗ, ತಲೆಯೆತ್ತದೆಯೇ, “ನೀನು ಹುಟ್ಟಿದಾಗ ನಾನೂ ಬಚ್ಚಲಲ್ಲಿ ಅಳ್ತಿದ್ದೆ. ಹೊಗೆಗೆ ಕಣ್ಣು ಕೆಂಪಾಗಿದೆ ಅಂತ ಹೇಳಬಹುದಿತ್ತಲ್ಲ” ಎಂದಳು. ಮತ್ತೆ ಸುಲಿಯತೊಡಗಿದಳು.

ಹೊಗೆಯ ನೆಪ ಮುಂದೆ ಮಾಡಿ ಅಳುವುದು ಕನ್ನಡದ ಹೆಣ್ಣುಮಕ್ಕಳಿಗೆ ಹೊಸದಲ್ಲ. ಬೀಸುಕಲ್ಲಿನ ಮುಂದೆ ಕೂತು ಹೇಳಿದ ತ್ರಿಪದಿಗಳಲ್ಲಿ ಬಸಿರಿನ ಬಯಕೆಯಿದೆ, ಮಕ್ಕಳಿಲ್ಲದವಳ ಬೇಗೆಯಿದೆ, ಕೂಸು ಅತ್ತರೆ ಅಳಲಿ, ಮನೆಗೆಲಸ ಕೆಟ್ಟರೆ ಕೆಡಲಿ ಎಂಬ ದಿಟ್ಟತನವೂ ಇದೆ. ಕಲ್ಲಿನ ಸದ್ದು ಅತ್ತೆಯ ಕಿವಿಗೆ ಅಡ್ಡವಾಗಿದ್ದುದರಿಂದಲೇ ಅಷ್ಟು ಮಾತು ಹೊರಬಂದಿರಬೇಕೆಂದು ನನ್ನ ಊಹೆ. ಬರೆಯುವ ಕಾಲ ಬಂದಾಗ ಕಲ್ಲಿನ ಜಾಗಕ್ಕೆ ಕತೆ ಬಂತು. ತ್ರಿವೇಣಿಯವರು ಮನಶ್ಶಾಸ್ತ್ರ ಓದಿದವರು. ಹೆರಿಗೆಯ ನಂತರ ಮನಸ್ಸಿನ ಸ್ತಿಮಿತ ಕಳೆದುಕೊಂಡ ಹೆಣ್ಣೊಬ್ಬಳು ಚಿಕಿತ್ಸೆ ಪಡೆದು ಗುಣವಾಗಿ ಮನೆಗೆ ಮರಳಿದ ಮೇಲೆ, ಕಾಯಿಲೆಗಿಂತಲೂ ಕ್ರೂರವಾದ ಸುತ್ತಲಿನವರ ಅನುಮಾನವನ್ನು ಎದುರಿಸುವುದನ್ನು ಅವರು ‘ಶರಪಂಜರ’ದಲ್ಲಿ ಬರೆದರು. ಅದು 1971ರಲ್ಲಿ ಪುಟ್ಟಣ್ಣ ಕಣಗಾಲರ ಸಿನಿಮಾ ಆದಾಗ ಅಮ್ಮನೂ ದೊಡ್ಡಮ್ಮನೂ ಜೊತೆಯಾಗಿ ನೋಡಿಬಂದಿದ್ದರಂತೆ. ಏನು ನೆನಪಿದೆಯೆಂದು ಕೇಳಿದರೆ, ಇಬ್ಬರೂ ಕಲ್ಪನಾ ಉಟ್ಟ ಸೀರೆಗಳನ್ನೂ ರವಿಕೆಯ ತೋಳನ್ನೂ ಒಂದೂ ಬಿಡದೆ ವರ್ಣಿಸುತ್ತಾರೆ. ಆ ಸಿನಿಮಾ ಬಾಣಂತಿಯೊಬ್ಬಳದೆಂಬ ಮಾತು ಅವರ ಬಾಯಿಂದ ಬರುವುದೇ ಇಲ್ಲ.

ತ್ರಿವೇಣಿಯವರು 1963ರ ಜುಲೈನಲ್ಲಿ, ಮಗಳು ಹುಟ್ಟಿದ ಕೆಲವೇ ದಿನಗಳಿಗೆ, 34ನೆಯ ವಯಸ್ಸಿನಲ್ಲಿ ತೀರಿಕೊಂಡರು. ತಾಯಿಯಾದ ತ್ರಿವೇಣಿ ಬರೆಯಬಹುದಾಗಿದ್ದದ್ದು ನಮಗೆ ಸಿಗಲೇ ಇಲ್ಲ. ಅದೇ 1963ರಲ್ಲಿ, ನಲವತ್ತೈದು ದಾಟಿದ್ದ ಎಂ. ಕೆ. ಇಂದಿರಾ ಅವರ ಮೊದಲ ಕಾದಂಬರಿ ಹೊರಬಂತು. ಈ ಎರಡು ಸಂಗತಿಗಳಿಗೆ ಒಂದಕ್ಕೊಂದು ಸಂಬಂಧವಿಲ್ಲದಿದ್ದರೂ, ಹೆಂಗಸರ ಬರವಣಿಗೆಗೆ ಮನೆ ಮತ್ತು ಮೈ ಎಷ್ಟು ಹೊತ್ತು ಕೊಟ್ಟಾವೆಂದು ಯೋಚಿಸುವಾಗಲೆಲ್ಲ ನನಗೆ ಅವೆರಡೂ ಒಟ್ಟಿಗೆ ನೆನಪಾಗುತ್ತವೆ.

ಕತೆಯ ಮರೆಯಿಲ್ಲದೆ, ನೇರ ಮಾತಿನಲ್ಲಿ ಬರೆದವರೆಂದರೆ ಅನುಪಮಾ ನಿರಂಜನ. ವೈದ್ಯೆಯಾಗಿದ್ದ ಅವರು ಹೆಣ್ಣಿನ ದೇಹ, ಬಸಿರು, ಶಿಶುಪಾಲನೆಗಳ ಬಗ್ಗೆ ಬರೆದ ಪುಸ್ತಕಗಳು ಎಷ್ಟೋ ಮನೆಗಳಲ್ಲಿ ಮದುವೆಯ ಉಡುಗೊರೆಯಾಗಿ ಬಂದು ಬೀರುವಿನ ಸೀರೆಗಳ ಅಡಿ ಸೇರಿದವು. ಅಲ್ಲಿಂದಲೇ ತೆಗೆದು ಕದ್ದು ಓದಿದವಳು ನಾನು. ಮಕ್ಕಳಿಗೆ ವರ್ಷವಿಡೀ ದಿನಕ್ಕೊಂದರಂತೆ ಹೇಳಬಹುದಾದ ಕತೆಗಳನ್ನು ಹನ್ನೆರಡು ಸಂಪುಟಗಳಲ್ಲಿ ಬರೆದವರೂ ಅವರೇ. ರಾತ್ರಿ ಕತೆ ಕೇಳುವ ಮಗುವಿರುವ ಯಾವ ತಾಯಿಗಾದರೂ 365 ಎಂಬ ಸಂಖ್ಯೆಯ ಭಾರ ತಿಳಿದಿರುತ್ತದೆ. ಇತ್ತೀಚೆಗೆ, 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಕನ್ನಡದ ಕತೆಗಳಿಗೆ ಬಂದ ಹೊತ್ತಿನಲ್ಲಿ, ಬಾನು ಮುಷ್ತಾಕ್ ಅವರು ತಮ್ಮ 29ನೆಯ ವಯಸ್ಸಿನಲ್ಲಿ ಹೆರಿಗೆಯ ನಂತರದ ಖಿನ್ನತೆಯಿಂದ ಬಳಲಿದ್ದನ್ನು ಮುಚ್ಚುಮರೆಯಿಲ್ಲದೆ ಹೇಳಿಕೊಂಡದ್ದು ಓದಿದೆ. ಪ್ರಶಸ್ತಿಯ ಸುದ್ದಿಯನ್ನು ಎಲ್ಲರಿಗೂ ಓದಿ ಹೇಳಿದ ದೊಡ್ಡಮ್ಮನಿಗೆ ಈ ಭಾಗವನ್ನೂ ಓದಿ ಹೇಳಿದೆ. “ಪಾಪ, ಅವ್ರಿಗೂನಾ?” ಎಂದರು. ಆ ‘ಊ’ಕಾರಕ್ಕಾಗಿ ನಾನು ಏಳು ವರ್ಷ ಕಾದಿದ್ದೆ.

ಕಾಲ ಬದಲಾಗಿಲ್ಲವೆಂದರೆ ತಪ್ಪಾದೀತು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಹೆರಿಗೆಯ ನಂತರ ಮಾನಸಿಕವಾಗಿ ಅಸ್ವಸ್ಥಳಾದ ತಾಯಿಯನ್ನು ಮಗುವಿನಿಂದ ಬೇರ್ಪಡಿಸದೆ, ಇಬ್ಬರನ್ನೂ ಒಟ್ಟಿಗೆ ಇರಿಸಿಕೊಂಡು ಚಿಕಿತ್ಸೆ ನೀಡುವ ವಿಭಾಗ 2009ರಿಂದ ಇದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಯಾವ ಹೊತ್ತಿನಲ್ಲಾದರೂ, ಬೆಳಗಿನ ಜಾವ 3.20ಕ್ಕೂ, ಕರೆ ಮಾಡಿ ಮಾತಾಡಬಹುದು. 2017ರ ತಿದ್ದುಪಡಿಯ ನಂತರ ಹೆರಿಗೆ ರಜೆ 12 ವಾರಗಳಿಂದ 26 ವಾರಗಳಿಗೇರಿತು. ನನಗೂ ಅದು ದೊರೆಯಿತು. ಆರು ತಿಂಗಳು ಎದೆಹಾಲನ್ನಷ್ಟೇ ಕೊಡಬೇಕೆಂಬ ವೈದ್ಯರ ಮಾತೂ, ರಜೆಯೂ ಒಂದೇ ವಾರದಲ್ಲಿ ಮುಗಿದವು. ಮಗುವಿಗೆ 15 ತಿಂಗಳಾಗುವವರೆಗೆ ದಿನಕ್ಕೆ ಎರಡು ಸಲ ಹಾಲೂಡಿಸುವ ಬಿಡುವು ಕೊಡಬೇಕೆಂದು ಕಾನೂನಿದೆ. ನಾನು ಕೆಲಸ ಮಾಡುತ್ತಿದ್ದ ಕಚೇರಿಯಲ್ಲಿ ಆ ಬಿಡುವಿಗೆ ಸಿಕ್ಕ ಜಾಗ ಹಳೆಯ ಕಡತಗಳ ಕೋಣೆ, ಅದಕ್ಕೆ ಒಳಗಿನಿಂದ ಚಿಲಕವಿರಲಿಲ್ಲ. ಬಾಗಿಲಿಗೆ ಕುರ್ಚಿ ಒತ್ತಿ, ಅದರ ಮೇಲೆಯೇ ಕೂತು, ಪಂಪಿನಿಂದ ತೆಗೆದ 60 ಮಿಲಿ ಹಾಲನ್ನು ಬಾಟಲಿಗೆ ತುಂಬುತ್ತಿದ್ದೆ. ಈ ಲೆಕ್ಕವೂ ಬರೆದಿಟ್ಟದ್ದಿದೆ.

ಹೀಗೆ ಬರೆದಿಡಲಾಗದವರ ಲೆಕ್ಕ ಎಲ್ಲಿ ಹೋಗುತ್ತದೆ? ನನಗೂ ಮಗುವಿಗೂ ನೀರು ಹಾಕಲು ಬರುತ್ತಿದ್ದ ಅಜ್ಜಿಗೆ ಆಗಲೇ ಎಪ್ಪತ್ತರ ಸಮೀಪ. ಕಾಲು ನೀಡಿ ಕೂತು, ಮಗುವನ್ನು ಮೊಣಕಾಲಿನ ಮೇಲೆ ಕವುಚಿ ಹಾಕಿ, ಒಂದು ಕೈಯಲ್ಲಿ ಅದರ ಹಣೆಗೆ ಮರೆ ಮಾಡಿ ಇನ್ನೊಂದರಲ್ಲಿ ಚೊಂಬು ಬಗ್ಗಿಸಿದರೆ, ಮೂಗಿಗೆ ಒಂದು ಹನಿಯೂ ಹೋಗುತ್ತಿರಲಿಲ್ಲ. ನೀರು ಹೊಯ್ಯುತ್ತಲೇ ಆಕೆ ತನ್ನ ಕತೆ ಹೇಳುತ್ತಿದ್ದಳು. “ಏಳು ಹೆತ್ತೆ ಕಣಮ್ಮ, ನಾಕು ಉಳಿದ್ವು. ಮೂರನೇದು ಹುಟ್ಟಿದ್ದು ನೆಟ್ಟಿ ಟೈಮಲ್ಲಿ. ಇಪ್ಪತ್ತನೇ ದಿನಕ್ಕೆ ಗದ್ದೆಗೆ ಇಳಿದೆ, ಎದೆ ಕಟ್ಟಿ ಜ್ವರ ಬಂತು. ಕೂಸು ಬದುವಿನ ಮೇಲೆ, ನಾ ಕೆಸರಲ್ಲಿ.” ಇಷ್ಟರಲ್ಲಿ ಮಗುವಿನ ಸ್ನಾನ ಮುಗಿಯುತ್ತಿತ್ತು. ನಾಲ್ಕೇ ವಾಕ್ಯಗಳಲ್ಲಿ ಆಕೆ ಹೇಳಿದ್ದನ್ನು ನಾನು ಐದು ಪುಟಗಳಲ್ಲಿ ಬರೆಯಲು ಎರಡು ಸಲ ಹೊರಟು, ಎರಡು ಸಲವೂ ಹರಿದುಹಾಕಿದ್ದೇನೆ. ಇಲ್ಲಿ ಬರೆದದ್ದು ಅವಳ ಮಾತಷ್ಟೇ. ಅದನ್ನು ಹೇಳುವಾಗ ಆಕೆ ಅತ್ತದ್ದನ್ನು ನಾನು ನೋಡಿಲ್ಲ. ಬಚ್ಚಲಿನಲ್ಲಿ ಹೊಗೆಯಂತೂ ಇತ್ತು.

ಮಗಳಿಗೆ ಈಗ ಎಂಟು ವರ್ಷ. ಕನ್ನಡವನ್ನು ತೊಡಕಿಲ್ಲದೆ ಓದುತ್ತಾಳೆ. ಕಳೆದ ಬೇಸಿಗೆ ರಜೆಯಲ್ಲಿ ನನ್ನ ಹಳೆಯ ಬರಹವೊಂದು ಅವಳ ಕೈಗೆ ಸಿಕ್ಕಿತು. ಅವಳು ನಾಲ್ಕು ವರ್ಷದವಳಿದ್ದಾಗ ಮದುವೆಮನೆಯೊಂದರಲ್ಲಿ ಚಡ್ಡಿ ಒದ್ದೆ ಮಾಡಿಕೊಂಡದ್ದನ್ನೂ, ನಾನು ಪಟ್ಟ ಪಾಡನ್ನೂ ನಗೆ ಬೆರೆಸಿ ಬರೆದದ್ದು ಅದು. ಓದಿ ಮುಗಿಸಿ, “ಇದು ನಂದಲ್ವಾ ಅಮ್ಮಾ? ನೀನ್ಯಾಕೆ ಹೇಳ್ದೆ?” ಎಂದು ಕೇಳಿದಳು. ದೊಡ್ಡಮ್ಮನಿಗೆ ಕೊಡಲು ನನ್ನ ಬಳಿ ಉತ್ತರಗಳಿದ್ದವು. ಇವಳಿಗೆ ಕೊಡಲು ಇರಲಿಲ್ಲ. ಹಾಲೂಡಿಸಿದ ನೋವು, ನಿದ್ದೆಗೆಟ್ಟ ರಾತ್ರಿ, ಕಡತಗಳ ಕೋಣೆ ನನ್ನವು. ಒದ್ದೆಯಾದ ಚಡ್ಡಿ ಅವಳದು. ಎದೆ ಬಿಡಿಸಿದ ಮೇಲೆ ನನ್ನ ಬರಹದಲ್ಲಿ ನನ್ನ ಪಾಲು ಕಡಿಮೆಯಾಗುತ್ತ, ಅವಳ ಪಾಲು ಹೆಚ್ಚುತ್ತ ಬಂದಿದ್ದನ್ನು ನಾನು ಗಮನಿಸಿಯೇ ಇರಲಿಲ್ಲ. ಆ ಬರಹವನ್ನು ತೆಗೆದುಹಾಕಿದೆ. ಒದ್ದೆ ಚಡ್ಡಿಯ ಮಾತನ್ನು ಇಲ್ಲಿ ಬರೆದಿರುವುದು ಅವಳ ಒಪ್ಪಿಗೆಯಿಂದ. ಮದುವೆ ಯಾರದೆಂದು ಹೇಳಕೂಡದೆಂಬ ಷರತ್ತಿನ ಮೇಲೆ.

ಅಂದಿನಿಂದ ಅವಳು ಬರುವ ಬರಹಗಳನ್ನು ಅವಳಿಗೆ ಮೊದಲು ಓದಲು ಕೊಡುತ್ತೇನೆ. ಇದನ್ನೂ ಕೊಟ್ಟೆ. ಪೆನ್ಸಿಲ್ ಹಿಡಿದು ಕೂತವಳು ಎರಡು ಸಾಲು ಹೊಡೆದುಹಾಕಿದಳು. ಆಮೇಲೆ ಎದ್ದು ಹೋಗಿ, ಬೀರುವಿನಿಂದ ತನ್ನ ಲಸಿಕೆಗಳ ಗುರುತಿರುವ ತಾಯಿ ಕಾರ್ಡನ್ನು ತಂದಳು. ಹುಟ್ಟಿದಾಗಿನ ಅವಳ ತೂಕವನ್ನು ನಾನು 2 ಕಿಲೋ 650 ಗ್ರಾಂ ಎಂದು ಬರೆದಿದ್ದೆ. “ತಪ್ಪು. ಐನೂರ ಅರವತ್ತು” ಎಂದು ತಿದ್ದಿದಳು.