ಒಂದೇ ಬಾಣಲೆ: ಕಾಚಂಪುಳಿ, ಜೇನು, ಕೋಳಿ

ಸಿಹಿ-ಹುಳಿ ಚಿಕನ್ ಅಂದ ತಕ್ಷಣ ಎಲ್ಲರೂ ಕೈ ಹಾಕುವುದು ಕೆಚಪ್, ಸೋಯಾ ಸಾಸ್, ವಿನೆಗರ್ ಬಾಟಲಿಗಳಿಗೆ. ಕೊಡಗಿನಲ್ಲಿ ಕೂತು ಹಾಗೆ ಮಾಡುವುದು ನನಗಂತೂ ಸರಿ ಕಾಣುವುದಿಲ್ಲ. ಹುಳಿಗೆ ಕಾಚಂಪುಳಿ ಇದೆ, ಸಿಹಿಗೆ ಜೇನು ಇದೆ, ಖಾರಕ್ಕೆ ಕಾಫಿ ತೋಟದಲ್ಲಿ ಸಿಲ್ವರ್ ಮರಕ್ಕೆ ಹಬ್ಬಿದ ಕರಿಮೆಣಸು ಇದೆ. ಇಷ್ಟಿದ್ದರೆ ಒಂದೇ ಬಾಣಲೆಯಲ್ಲಿ ಅರ್ಧ ಮುಕ್ಕಾಲು ಗಂಟೆಯೊಳಗೆ ರಾತ್ರಿ ಊಟ ತಯಾರು. ಮಸಾಲೆ ರುಬ್ಬುವ ಕೆಲಸವೂ ಇಲ್ಲ. ಮಳೆಗಾಲದಲ್ಲಿ ಕರೆಂಟು ಯಾವಾಗ ಹೋಗುತ್ತದೋ ಗೊತ್ತಿಲ್ಲದ ಊರಲ್ಲಿ ಮಿಕ್ಸಿ ಬೇಡದ ಅಡುಗೆ ಅಂದರೆ ಸಣ್ಣ ಅನುಕೂಲವಲ್ಲ, ಅಲ್ವಾ?

ಇದು ಕೊಡವರ ಮನೆಯ ಕೋಳಿ ಕರಿ ಅಲ್ಲ ಅಂತ ಮೊದಲೇ ಹೇಳಿಬಿಡುತ್ತೇನೆ. ಅದರ ದಾರಿಯೇ ಬೇರೆ. "ಇದು ಸಾರೋ ಫ್ರೈಯೋ?" ಅಂತ ನಮ್ಮತ್ತೆ ಕೇಳಿದ್ದರು. ಎರಡರ ಮಧ್ಯದ್ದು ಅತ್ತೆ, ಅಂದೆ. ಕೊನೆಗೆ ಉಳಿಯುವುದು ತುಂಡುಗಳ ಮೈಗೆ ಹೊಳೆಯುತ್ತಾ ಅಂಟಿಕೊಂಡ ಮಂದ ರಸ ಮಾತ್ರ.

ಕಾಚಂಪುಳಿ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು. ಮಲೆನಾಡಿನಲ್ಲಿ ಉಪ್ಪಾಗೆ ಅನ್ನುತ್ತಾರಲ್ಲ, ಅದೇ ಹಣ್ಣು. ಪುನರ್ಪುಳಿಯ, ಅಂದರೆ ಕೋಕಂನ, ಹತ್ತಿರದ ಸಂಬಂಧಿ. ಮಳೆಗಾಲದಲ್ಲಿ ಹಣ್ಣಾಗಿ ಉದುರಿದ್ದನ್ನು ಆರಿಸಿ ಬುಟ್ಟಿಯಲ್ಲಿ ರಾಶಿ ಹಾಕಿ ಇಟ್ಟರೆ ತಾನಾಗಿಯೇ ರಸ ತೊಟ್ಟಿಕ್ಕುತ್ತದೆ. ಆ ರಸವನ್ನು ಮಣ್ಣಿನ ಮಡಕೆಯಲ್ಲಿ ಕುದಿಸಿ ಕುದಿಸಿ, ಕಪ್ಪಗೆ ಮಂದವಾಗುವವರೆಗೆ ಬತ್ತಿಸುತ್ತಾರೆ. ಚೆನ್ನಾಗಿ ಬತ್ತಿಸಿದ್ದಾದರೆ ಫ್ರಿಜ್ ಇಲ್ಲದೆಯೇ ವರ್ಷಗಟ್ಟಲೆ ಇರುತ್ತದೆ. ಪಂದಿ ಕರಿಗೆ, ಅಂದರೆ ಕೊಡಗಿನ ಹಂದಿ ಮಾಂಸದ ಅಡುಗೆಗೆ, ಆ ಕಪ್ಪು ಬಣ್ಣ, ಆ ಹುಳಿ ಎರಡೂ ಬರುವುದರಲ್ಲಿ ಇದರ ಪಾಲು ದೊಡ್ಡದು. ರಸ್ತೆ ಬದಿ ಅಂಗಡಿಗಳಲ್ಲಿ ಪ್ರವಾಸಿಗರಿಗೆ ಮಾರುವ ಕೆಲವು ಬಾಟಲಿಗಳು ನೀರಿನ ಹಾಗೆ ಇರುತ್ತವೆ. ತಗೊಳ್ಳುವ ಮುಂಚೆ ಬಾಟಲಿಯನ್ನು ಸುಮ್ನೆ ಓರೆ ಮಾಡಿ ನೋಡಿ. ಒಳ್ಳೆಯದು ಗಾಜಿಗೆ ಅಂಟಿ ನಿಧಾನಕ್ಕೆ ಜಾರುತ್ತದೆ.

ಈಗ ಕೋಳಿ. ಬೋನ್‌ಲೆಸ್ ತೊಡೆ ಮಾಂಸ ಅರ್ಧ ಕೆಜಿ. ಎದೆ ಮಾಂಸ ಬೇಡ ಅಂತ ಹಟ ಇಲ್ಲ, ಆದರೆ ಅದು ಎರಡು ನಿಮಿಷ ಜಾಸ್ತಿಯಾದರೂ ಒಣಗಿ ನಾರಾಗುತ್ತದೆ, ತೊಡೆ ಅಷ್ಟು ಸುಲಭಕ್ಕೆ ಕೆಡುವುದಿಲ್ಲ. ತೊಳೆದ ಮೇಲೆ ತುಂಡುಗಳನ್ನು ಬಟ್ಟೆಯಿಂದ ಚೆನ್ನಾಗಿ ಒರೆಸಿ. ಈ ಕೆಲಸ ಯಾರೂ ಮಾಡುವುದಿಲ್ಲ, ಆಮೇಲೆ ಚಿಕನ್ ಕೆಂಪಗಾಗಲಿಲ್ಲ ಅಂತ ಬೇಜಾರು ಮಾಡಿಕೊಳ್ಳುತ್ತಾರೆ. ನೀರು ಇರುವವರೆಗೆ ಮಾಂಸ ಬೇಯುತ್ತದೆಯೇ ಹೊರತು ಹುರಿಯುವುದಿಲ್ಲ, ಅಷ್ಟೇ ವಿಷಯ. ಮುಕ್ಕಾಲು ಚಮಚ ಉಪ್ಪು, ಚಿಟಿಕೆ ಅರಿಶಿನ, ಆಗಷ್ಟೇ ಕುಟ್ಟಿದ ತರಿತರಿ ಕರಿಮೆಣಸು ಒಂದು ಚಮಚ ಹಚ್ಚಿ, ಈರುಳ್ಳಿ ಹೆಚ್ಚುವಷ್ಟು ಹೊತ್ತು ಬಿಡಿ. ಮ್ಯಾರಿನೇಟ್ ಅಂತ ರಾತ್ರಿಯಿಡೀ ಇಡಬೇಕಾಗಿಲ್ಲ.

ಬೀಡು ಕಬ್ಬಿಣದ ಬಾಣಲೆ ಇದ್ದರೆ ಅದೇ ಸರಿ, ತಳ ಅಗಲವಾಗಿ ಚಪ್ಪಟೆಯಾಗಿರಲಿ. ಚೆನ್ನಾಗಿ ಕಾಯಿಸಿ, ಎರಡು ಚಮಚ ಎಣ್ಣೆ ಹಾಕಿ, ತುಂಡುಗಳನ್ನು ಒಂದಕ್ಕೊಂದು ತಾಗದ ಹಾಗೆ ಇಡಿ. ಜಾಗ ಸಾಲದಿದ್ದರೆ ಎರಡು ಸಲ ಮಾಡಿ, ತುರುಕಬೇಡಿ. ಇಟ್ಟ ಮೇಲೆ ಕೈ ಕಟ್ಟಿ ನಿಲ್ಲಬೇಕು. ಕೆದಕುವ ಆಸೆ ಬರುತ್ತದೆ, ಬೇಡ. ನಾಲ್ಕೈದು ನಿಮಿಷ ಆದ ಮೇಲೆ ಸಟ್ಟುಗ ತೂರಿಸಿ ನೋಡಿ. ಇನ್ನೂ ಕಚ್ಚಿ ಹಿಡಿದಿದ್ದರೆ ಆಗಿಲ್ಲ ಅಂತ ಅರ್ಥ. ಕೆಂಪಾಗಿದ್ದರೆ ತಾನಾಗಿ ತಳ ಬಿಡುತ್ತದೆ. ಮಗುಚಿ ಎರಡು ನಿಮಿಷ ಬಿಟ್ಟು ತಟ್ಟೆಗೆ ತೆಗೆದಿಡಿ. ಒಳಗೆ ಬೆಂದಿರುವುದಿಲ್ಲ, ಪರವಾಗಿಲ್ಲ.

ಬಾಣಲೆ ತೊಳೆಯಬೇಡಿ! ತಳದಲ್ಲಿ ಕಂದು ಬಣ್ಣಕ್ಕೆ ಕಚ್ಚಿಕೊಂಡಿದೆಯಲ್ಲ, ರುಚಿ ಇರುವುದೇ ಅದರಲ್ಲಿ. ಅದೇ ಎಣ್ಣೆಗೆ ಹೆಚ್ಚಿದ ಈರುಳ್ಳಿ, ಜಜ್ಜಿದ ಬೆಳ್ಳುಳ್ಳಿ, ಸ್ವಲ್ಪ ಶುಂಠಿ, ಸೀಳಿದ ಗಾಂಧಾರಿ ಮೆಣಸಿನಕಾಯಿ ಎರಡೋ ಮೂರೋ ಹಾಕಿ ಬಾಡಿಸಿ. ಆಮೇಲೆ ಅರ್ಧ ಲೋಟ ಬಿಸಿನೀರು ಸುರಿದು ತಳವನ್ನು ಸಟ್ಟುಗದಿಂದ ಕೆರೆಯಿರಿ. ನೀರು ಒಂದೇ ಕ್ಷಣದಲ್ಲಿ ಕಂದಾಗುತ್ತದೆ. ನೀರಿನ ಬದಲು ಕಿತ್ತಳೆ ರಸ ಹಾಕಿದರೆ ಇನ್ನೂ ಚೆನ್ನ. ಕೊಡಗಿನ ಕಿತ್ತಳೆಗೆ 2006ರಲ್ಲೇ ಜಿಐ ಟ್ಯಾಗ್ ಬಂತು, ಆದರೆ ತೋಟಗಳಲ್ಲಿ ಗಿಡಗಳು ಎಷ್ಟು ಕಡಿಮೆಯಾಗಿವೆ ಅಂದರೆ ಇಲ್ಲಿದ್ದುಕೊಂಡೇ ಹುಡುಕಿಕೊಂಡು ಹೋಗಬೇಕು. ನಾಗಪುರದ್ದು ಸಿಕ್ಕಿದರೆ ಅದನ್ನೇ ಹಾಕಿ, ಜೇನು ಸ್ವಲ್ಪ ಕಡಿಮೆ ಮಾಡಿ.

ಈಗ ಕಾಚಂಪುಳಿ ಒಂದು ಟೀ ಚಮಚ. ಕಡಿಮೆ ಅನ್ನಿಸಿದರೂ ಅಷ್ಟೇ ಇರಲಿ, ಬೇಕಾದರೆ ಕೊನೆಗೆ ರುಚಿ ನೋಡಿ ನಾಲ್ಕು ಹನಿ ಸೇರಿಸಬಹುದು, ಹಾಕಿದ್ದನ್ನು ವಾಪಸ್ ತೆಗೆಯುವುದಕ್ಕೆ ಆಗುವುದಿಲ್ಲ. ಚಿಕನ್ ತುಂಡುಗಳನ್ನು, ತಟ್ಟೆಗೆ ಇಳಿದ ರಸವನ್ನೂ ಸೇರಿಸಿ, ವಾಪಸ್ ಹಾಕಿ ಮುಚ್ಚಳ ಮುಚ್ಚಿ. ಸಣ್ಣ ಉರಿಯಲ್ಲಿ ಏಳೆಂಟು ನಿಮಿಷ. ದಪ್ಪ ತುಂಡನ್ನು ಸೀಳಿದರೆ ಒಳಗೆ ಗುಲಾಬಿ ಬಣ್ಣ ಇರಬಾರದು. ಅಡುಗೆ ಥರ್ಮಾಮೀಟರ್ ಇಟ್ಟುಕೊಂಡವರು 74 ಡಿಗ್ರಿ ಸೆಲ್ಸಿಯಸ್ ನೋಡಿಕೊಳ್ಳಿ.

ಜೇನು ಇಲ್ಲಿಯವರೆಗೂ ಬಂದಿಲ್ಲ, ನೋಡಿದಿರಾ? ಬೇಕಂತಲೇ. ಜೇನಿನಲ್ಲಿರುವ ಫ್ರಕ್ಟೋಸ್ ಸುಮಾರು 110 ಡಿಗ್ರಿಗೇ ಕಂದಾಗುವುದಕ್ಕೆ ಶುರುವಾಗುತ್ತದೆ, ಕಾದ ಬಾಣಲೆ ಅದಕ್ಕಿಂತ ಎಷ್ಟೋ ಜಾಸ್ತಿ ಬಿಸಿ ಇರುತ್ತದೆ. ಮೊದಲೇ ಹಚ್ಚಿದರೆ ಹೊರಗೆ ಕರಟಿ ಕಹಿ, ಒಳಗೆ ಹಸಿ. ಅದಕ್ಕೇ ಮುಚ್ಚಳ ತೆಗೆದ ಮೇಲೆ ಒಂದೂವರೆ ದೊಡ್ಡ ಚಮಚ ಜೇನು ಹಾಕಿ, ಎರಡು ಮೂರು ನಿಮಿಷ ತುಂಡುಗಳನ್ನು ಹೊರಳಿಸುತ್ತಾ ರಸ ಬತ್ತಿಸಿ. ಗುಳ್ಳೆಗಳು ಮೊದಲು ಸಣ್ಣಗೆ ಚುರುಕಾಗಿ ಏಳುತ್ತಿರುತ್ತವೆ, ಆಮೇಲೆ ದೊಡ್ಡದಾಗಿ ಸೋಮಾರಿಯಾಗುತ್ತವೆ. ಆಗ ಒಲೆ ಆರಿಸಿ. ಆರಿದಂತೆ ರಸ ಇನ್ನೂ ಮಂದವಾಗುತ್ತದೆ, ಹಾಗಾಗಿ ಸ್ವಲ್ಪ ತೆಳ್ಳಗಿರುವಾಗಲೇ ಇಳಿಸುವುದು ವಾಸಿ.

ಜೇನಿನ ಬಗ್ಗೆ ಇನ್ನೊಂದು ಮಾತು. ಕೊಡಗಿನ ಜೇನು ಅಂದರೆ ಮೊದಲಿನಿಂದ ತುಡುವೆಯದ್ದು, ಪೆಟ್ಟಿಗೆಯಲ್ಲಿ ಸಾಕುವ ನಮ್ಮ ನಾಡಿನ ಜೇನುನೊಣದ್ದು. 1990ರ ದಶಕದ ಶುರುವಿನಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಅನ್ನುವ ವೈರಸ್ ರೋಗ ಬಂದು ದಕ್ಷಿಣ ಭಾರತದಲ್ಲೆಲ್ಲ ತುಡುವೆ ಕುಟುಂಬಗಳು ಸಾಲುಸಾಲಾಗಿ ಸತ್ತವು, ಕೊಡಗಿಗೂ ದೊಡ್ಡ ಪೆಟ್ಟು ಬಿತ್ತು. ಹಾಗಾಗಿ ಅಸಲಿ ಜೇನು ದುಬಾರಿಯಾದರೆ ಆಶ್ಚರ್ಯ ಇಲ್ಲ. ಡಬ್ಬಿಯಲ್ಲಿ ಹರಳುಗಟ್ಟಿದ್ದರೆ ಸಕ್ಕರೆ ಬೆರೆಸಿದ್ದಾರೆ ಅಂತ ಬೈಯಬೇಡಿ, ಒಳ್ಳೆಯ ಜೇನೂ ಹರಳುಗಟ್ಟುತ್ತದೆ. ಬಿಸಿ ರಸಕ್ಕೆ ಬಿದ್ದರೆ ಹೇಗೂ ಕರಗುತ್ತದೆ.

ಇದಕ್ಕೆ ಅಕ್ಕಿ ರೊಟ್ಟಿಯೇ ನನಗೆ ಇಷ್ಟ, ರಸ ಒರೆಸಿಕೊಂಡು ತಿನ್ನಬಹುದು. ನೂಪುಟ್ಟು, ಅಂದರೆ ಅಕ್ಕಿಯ ಒತ್ತು ಶಾವಿಗೆ, ಕೂಡ ಆಗುತ್ತದೆ. ಅನ್ನಕ್ಕೆ ಕಲೆಸಿಕೊಳ್ಳುವವರು ನೀರು ಒಂದು ಲೋಟ ಮಾಡಿ, ಹುಳಿ ಉಪ್ಪು ಸರಿ ನೋಡಿಕೊಳ್ಳಿ. ಕಾಚಂಪುಳಿ ಸಿಗದ ಊರಿನವರು ಗಟ್ಟಿ ಹುಣಸೆ ರಸ ಹಾಕಿ, ಇಲ್ಲವೇ ಪುನರ್ಪುಳಿ ಸಿಪ್ಪೆ ನೆನೆಸಿದ ನೀರು. ಅದೇ ರುಚಿ ಬರುವುದಿಲ್ಲ, ಆದರೆ ಕೆಟ್ಟದಾಗಿ ಏನೂ ಇರುವುದಿಲ್ಲ.

ಉಳಿದರೆ ಕಬ್ಬಿಣದ ಬಾಣಲೆಯಲ್ಲೇ ಬಿಟ್ಟು ಮಲಗಬೇಡಿ. ಹತ್ತು ನಿಮಿಷದ ಅಡುಗೆಗೆ ಏನೂ ಆಗುವುದಿಲ್ಲ, ಆದರೆ ರಾತ್ರಿಯಿಡೀ ಹುಳಿ ಕೂತರೆ ಪಳಗಿಸಿದ ಎಣ್ಣೆಯ ಪದರ ಕಿತ್ತುಬಂದು ಬೆಳಿಗ್ಗೆ ಚಿಕನ್‌ಗೆ ಕಬ್ಬಿಣದ ವಾಸನೆ. ಸ್ಟೀಲ್ ಡಬ್ಬಿಗೆ ಹಾಕಿ, ಬಾಣಲೆ ತೊಳೆದು ಒಲೆ ಮೇಲೆ ಒಣಗಿಸಿ, ನಾಲ್ಕು ಹನಿ ಎಣ್ಣೆ ಸವರಿಡಿ.