ತಮ್ಮನ ಪಾಲು

ನನ್ನ ಮಗಳಿಗೆ ನಿದ್ದೆ ಬರಬೇಕಾದರೆ ನನ್ನ ಕಿವಿ ಬೇಕು. ಎದೆಹಾಲು ಬಿಡಿಸಿದ ಮೇಲೆ ಹತ್ತಿದ ರೂಢಿ ಅದು. ಬಲಗಿವಿಯ ಹಾಲೆಯನ್ನು ಎರಡು ಬೆರಳಲ್ಲಿ ಹಿಡಿದು, ಬೆಂಡೋಲೆಯ ಹಿಂದಿನ ತಿರುಪನ್ನು ಸವರುತ್ತಾ ಸವರುತ್ತಾ ಮಲಗುತ್ತಾಳೆ. ನಾಲ್ಕು ವರ್ಷ ತುಂಬಿದರೂ ಬಿಟ್ಟಿರಲಿಲ್ಲ. ಎರಡನೇ ಹೆರಿಗೆಯ ದಿನ ಹತ್ತಿರ ಬಂದಂತೆ ನನಗೆ ಬ್ಯಾನಿಯ ಹೆದರಿಕೆಗಿಂತ ಆ ಎರಡು ಬೆರಳಿನ ಚಿಂತೆಯೇ ಜಾಸ್ತಿ ಆಯಿತು. ನಾನು ಆಸ್ಪತ್ರೆಯಲ್ಲಿರುವಾಗ ಅವು ಏನು ಹಿಡಿಯಬೇಕು?

ಮೊದಲ ಹೆರಿಗೆ ತವರಲ್ಲಿ, ವಿಜಯಪುರ ಜಿಲ್ಲೆಯ ಇಂಡಿಯಲ್ಲಿ ಆಗಿತ್ತು. ಎರಡನೆಯದು ಗಂಡನ ಮನೆಯಲ್ಲೇ ಆಗಲಿ ಅಂತ ಹಿರಿಯರು ಮಾತಾಡಿಕೊಂಡರು. ನಮ್ಮ ಮನೆ ಬಾಗಲಕೋಟೆಯ ನವನಗರದಲ್ಲಿದೆ. ಆಷಾಢ ನಡೆದಿತ್ತು. ಆ ತಿಂಗಳ ಗಾಳಿ ಇಲ್ಲಿಯವರಿಗೆ ಗೊತ್ತು. ಮಳೆ ಇರುವುದಿಲ್ಲ, ಗಾಳಿ ಮಾತ್ರ ಹಗಲೂ ರಾತ್ರಿ ಕಿಟಕಿ ಬಡಿಯುತ್ತಲೇ ಇರುತ್ತದೆ.

ರಾತ್ರಿ ಒಂದು ಗಂಟೆಗೆ ಸೊಂಟದಲ್ಲಿ ಶುರುವಾಯಿತು. ಮೊದಲ ಸಲ ಒಂದು ಹಗಲು, ಒಂದು ರಾತ್ರಿ ನರಳಿದ್ದೆ. ಎರಡನೆಯದು ಹಾಗಲ್ಲ, ಲಗೂನೇ ಆಗುತ್ತದೆ, ಕಾಯುತ್ತಾ ಕೂಡಬೇಡ ಅಂತ ಡಾಕ್ಟರ್ ಮೊದಲೇ ಹೇಳಿದ್ದರು. ಯಜಮಾನರು 108ಕ್ಕೆ ಫೋನ್ ಮಾಡಿದರು. ನಾನು ಮಗಳ ಬೆರಳು ಬಿಡಿಸಲು ಕೂತೆ. ನಿದ್ದೆಯಲ್ಲೂ ಗಟ್ಟಿ ಹಿಡಿದಿದ್ದಳು. ಒಂದು ಬೆರಳು ಬಿಡಿಸಿದೆ, ಅಷ್ಟರಲ್ಲಿ ಬ್ಯಾನಿ ಬಂತು. ತುಟಿ ಕಚ್ಚಿ ಅದು ಹಾದು ಹೋಗುವವರೆಗೆ ಕಾದೆ. ಆಮೇಲೆ ಇನ್ನೊಂದು ಬಿಡಿಸಿದೆ. ಅತ್ತೆ ಬಂದು ಸದ್ದಿಲ್ಲದೆ ನಾನು ಮಲಗಿದ್ದ ಜಾಗದಲ್ಲೇ ಮಲಗಿದರು. ತಮ್ಮ ಕಿವಿಯನ್ನು ಅವಳ ಕೈಗೆ ಕೊಟ್ಟರು. ಅತ್ತೆಯ ಕಿವಿಯಲ್ಲಿ ಬುಗುಡಿ. ಅವಳ ಬೆರಳು ಒಂದು ಸಲ ಅದನ್ನು ಮುಟ್ಟಿ ಹಿಂದೆ ಸರಿದವು. ಅದನ್ನು ನೋಡಿಕೊಂಡೇ ನಾನು ಗಾಡಿ ಹತ್ತಿದೆ.

ಡಾಕ್ಟರ್ ಹೇಳಿದಂತೆಯೇ ಆಯಿತು. 3 ಗಂಟೆ 40 ನಿಮಿಷಕ್ಕೆ ಮಗ ಹುಟ್ಟಿದ. ತೂಕ 2 ಕೆಜಿ 900 ಗ್ರಾಂ.

ಈ ಸಲ ಒಂದು ಮಾತನ್ನು ನಾನು ಮೊದಲೇ ಎಲ್ಲರಿಗೂ ಹೇಳಿ ಇಟ್ಟಿದ್ದೆ. ಮಗಳು ಹುಟ್ಟಿದಾಗ ಮೊದಲ ಹಳದಿ ಹಾಲನ್ನು ‘ಕೆಟ್ಟದ್ದು’ ಅಂತ ಹಿಂಡಿ ಚೆಲ್ಲಿಸಿದ್ದರು. ಬಾಯಿಗೆ ಜೇನು ನೆಕ್ಕಿಸಿದ್ದರು. ಆಸ್ಪತ್ರೆಯವರೂ ಬೇಡ ಅನ್ನಲಿಲ್ಲ, ಮಗುವನ್ನು ನನ್ನ ಪಕ್ಕಕ್ಕೆ ತಂದದ್ದು ಸಂಜೆಗೆ. ಆಮೇಲೆ ಹಾಲು ಇಳಿಯಲು ಎಷ್ಟು ದಿನ ಒದ್ದಾಡಿದೆ! ನನಗೆ ಆಗ ಏನೂ ಗೊತ್ತಿರಲಿಲ್ಲ, ಸುಮ್ಮನಿದ್ದೆ. ಆ ಗಿಣ್ಣುಹಾಲೇ ಮಗುವಿಗೆ ಮೊದಲ ಲಸಿಕೆ ಇದ್ದ ಹಾಗೆ, ವರ್ಷ ತುಂಬುವವರೆಗೆ ಜೇನು ಮುಟ್ಟಿಸಬಾರದು ಅಂತ ತಿಳಿದದ್ದು ಬಹಳ ತಡವಾಗಿ. ಈ ಸಲ ನರ್ಸಮ್ಮ ಹುಟ್ಟಿದ ಅರ್ಧ ಗಂಟೆಯಲ್ಲೇ ಮಗುವನ್ನು ಎದೆಯ ಮೇಲೆ ಹಾಕಿದರು. ಕಣ್ಣು ಬಿಡದ ಜೀವ, ಮೂಗಿನಿಂದ ಹುಡುಕಿ ಹುಡುಕಿ ತಾನೇ ಬಾಯಿ ಹಚ್ಚಿತು. ನಾನು ಅತ್ತುಬಿಟ್ಟೆ. ಮಗಳಿಗೆ ಇದು ಸಿಗಲಿಲ್ಲವಲ್ಲ ಅನ್ನುವ ಸಂಕಟವೂ ಆ ಅಳುವಿನಲ್ಲಿತ್ತು.

ಇನ್ನೊಂದು ಸಂಗತಿ ಯಾರೂ ನನಗೆ ಹೇಳಿರಲಿಲ್ಲ. ಎರಡನೇ ಬಾಣಂತಿಯರಿಗೆ ಹೇಳಲೇಬೇಕಾದ ಮಾತಿದು. ಮಗು ಹಾಲು ಚೀಪಲು ಶುರು ಮಾಡಿದ ಕೂಡಲೇ ಹೊಟ್ಟೆ ಹಿಂಡಿದ ಹಾಗೆ ನೋವು ಬರುತ್ತದೆ. ಹಿಗ್ಗಿದ ಗರ್ಭಕೋಶ ಮತ್ತೆ ಕುಗ್ಗುವ ನೋವು ಅದು. ಮೊದಲ ಹೆರಿಗೆಯಲ್ಲಿ ಅಷ್ಟು ಗೊತ್ತಾಗುವುದಿಲ್ಲ, ಎರಡನೆಯದರಲ್ಲಿ ಜಾಸ್ತಿ. ನನಗೆ ಮತ್ತೆ ಬ್ಯಾನಿ ಬಂತೇನೋ ಅನ್ನಿಸಿ ಗಾಬರಿಯಾಗಿತ್ತು. ಎರಡು ಮೂರು ದಿನಕ್ಕೆ ತಾನೇ ಇಳಿಯಿತು.

ಮಗಳು ಮರುದಿನ ಆಸ್ಪತ್ರೆಗೆ ಬಂದಳು. ತಮ್ಮನನ್ನು ನೋಡಲಿಲ್ಲ. ನನ್ನ ಕೈಗೆ ಚುಚ್ಚಿದ್ದ ಸಲೈನಿನ ಸೂಜಿಯನ್ನೇ ನೋಡುತ್ತಾ ಬಾಗಿಲ ಹತ್ತಿರ ನಿಂತಳು. ಕರೆದರೂ ಹತ್ತಿರ ಬರಲಿಲ್ಲ. “ಶುಕ್ರವಾರ ಬರ್ತೀನವ್ವಾ” ಅಂದೆ. “ಖರೇ?” ಅಂದಳು. “ಖರೇ” ಅಂದೆ.

ಶುಕ್ರವಾರ ಹೋಗಲು ಆಗಲಿಲ್ಲ. ಮೂರನೇ ದಿನ ಮಗುವಿನ ಕಣ್ಣು ಹಳದಿ ಆದವು, ಆಮೇಲೆ ಎದೆ, ಹೊಟ್ಟೆ. ಹೊಸ ಕೂಸುಗಳಲ್ಲಿ ಕಾಮಾಲೆ ಸಾಮಾನ್ಯ, ಆದರೆ ರಕ್ತ ನೋಡಿ, ಸ್ವಲ್ಪ ಏರಿದೆ, ನೀಲಿ ದೀಪದ ಕೆಳಗೆ ಇಡಬೇಕು ಅಂದರು. ಕಣ್ಣಿಗೆ ಪಟ್ಟಿ, ಮೈಮೇಲೆ ಡಯಾಪರ್ ಒಂದೇ. ಆ ಬೆಳಕು ಹಳದಿಯನ್ನು ಕರಗಿಸುತ್ತದೆ, ಉಚ್ಚೆ ಕಕ್ಕಸಿನಲ್ಲಿ ಹೊರಗೆ ಹೋಗುತ್ತದೆ, ಅದಕ್ಕೆ ಮೇಲಿಂದ ಮೇಲೆ ಹಾಲು ಕೊಡಿ ಅಂದರು. ಎರಡು ತಾಸಿಗೊಮ್ಮೆ ಕೊಟ್ಟೆ. ಬರೀ ಬಿಸಿಲಿಗೆ ಹಿಡಿದರೆ ಹೋಗುತ್ತದೆ ಅಂತ ಯಾರೋ ಸಂಬಂಧಿಕರು ಫೋನಿನಲ್ಲಿ ಹೇಳಿದರು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಆ ಪೆಟ್ಟಿಗೆಯ ಪಕ್ಕದ ಸ್ಟೂಲಿನ ಮೇಲೆ ಎರಡು ರಾತ್ರಿ ಕೂತಿದ್ದೆ. ಇಲ್ಲಿ ಒಬ್ಬನ ಕಣ್ಣು ಕಟ್ಟಿತ್ತು, ಅಲ್ಲಿ ಒಬ್ಬಳು ದಾರಿ ಕಾಯುತ್ತಿದ್ದಳು. ಶುಕ್ರವಾರ ಸಂಜೆ ಅವಳು ನನ್ನ ಚಪ್ಪಲಿ ಒರೆಸಿ ಬಾಗಿಲಲ್ಲಿ ಇಟ್ಟಿದ್ದಳಂತೆ.

ಆರನೇ ದಿನ ಬಿಟ್ಟರು. ಮಗುವಿಗೆ ಗುಳೇದಗುಡ್ಡದ ಖಣದಲ್ಲಿ ಹೊಲಿದ ಕುಂಚಿಗೆ ಕಟ್ಟಿದ್ದೆವು. ಕೆಂಪು ಖಣ, ಹಸಿರು ಅಂಚು. ಅವನ ಅಕ್ಕನಿಗೆ ಹಾಕಿದ್ದ ಕುಂಚಿಗೆಯೇ ಅದು, ನಮ್ಮ ಅವ್ವ ಹೊಲಿದದ್ದು. ನನಗೂ ಬಾಣಂತಿ ವೇಷ ಆಗಿತ್ತು. ಗಾಳಿ ಹೊಗಬಾರದು ಅಂತ ಎರಡೂ ಕಿವಿಗೆ ಅರಳೆ, ಅದರ ಮೇಲೆ ತಲೆ ಕಿವಿ ಸೇರಿಸಿ ಬಿಗಿಯಾಗಿ ಕಟ್ಟಿದ ಬಟ್ಟೆ.

ಹೊಸ್ತಿಲಲ್ಲಿ ಅತ್ತೆ ಕುಂಕುಮದ ನೀರಿನ ಆರತಿ, ರೊಟ್ಟಿ ತುಣುಕು ಹಿಡಿದು ನಿಂತಿದ್ದರು. ಓಣಿಯ ಹೆಂಗಸರೂ ಬಂದಿದ್ದರು. ಗಂಡಾಯಿತು, ಜೋಡಿ ಆಯಿತು ಅಂತ ಎಲ್ಲರಿಗೂ ಸಂಭ್ರಮ. ಮಗಳು ಹುಟ್ಟಿದಾಗ ಇಷ್ಟು ಜನ ಬಂದಿರಲಿಲ್ಲ. ಆ ಮಾತು ನನಗೆ ಆಗಲೂ ಚುಚ್ಚಿತು, ಈಗಲೂ ಚುಚ್ಚುತ್ತದೆ. ಮಗಳು ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು. ಅತ್ತೆ ಆರತಿ ಎತ್ತಿದವರು ಹಾಗೇ ತಡೆದರು. “ಬಾ ಇಲ್ಲಿ” ಅಂತ ಮೊಮ್ಮಗಳನ್ನು ಕರೆದು ನನ್ನ ಪಕ್ಕದಲ್ಲಿ ನಿಲ್ಲಿಸಿದರು.

“ಮೊದಲ ಇಕಿಗೆ. ಈ ಮನಿಯಾಗ ನಿನ್ನ ತಾಯಿ ಮಾಡಿದಾಕಿ ಇಕಿ.”

ಮೊದಲು ಅವಳಿಗೇ ನಿವಾಳಿಸಿದರು. ಆಮೇಲೆ ನಮ್ಮಿಬ್ಬರಿಗೆ. ಅತ್ತೆ ಹೆಚ್ಚು ಮಾತಿನವರಲ್ಲ. ಆ ಒಂದು ಮಾತಿಗೆ ನಾನು ಅವರಿಗೆ ಜೀವನಪೂರ್ತಿ ಋಣಿ.

ರಾತ್ರಿ ಮಗಳು ಹೊರಸಿನ ಹತ್ತಿರ ಬಂದಳು. ಹತ್ತಲಿಲ್ಲ. ಕೈ ಚಾಚಿ ನನ್ನ ಕೆನ್ನೆ ಮುಟ್ಟಿದಳು, ಅಲ್ಲಿಂದ ಮೇಲೆ ಹೋದಳು. ಬಟ್ಟೆ ಸಿಕ್ಕಿತು. ಬಟ್ಟೆಯ ಕೆಳಗೆ ಬೆರಳು ತೂರಿಸಲು ನೋಡಿದಳು.

“ಅವ್ವಾ, ಕಿವಿ ಎಲ್ಲಿ?”

ಆಸ್ಪತ್ರೆಯ ಆ “ಖರೇ?” ಆದ ಮೇಲೆ ಅವಳು ನನ್ನನ್ನು ಕೇಳಿದ ಮೊದಲ ಮಾತು ಅದು. ನಾನು ಗಂಟು ಬಿಚ್ಚಿದೆ. ಅರಳೆ ತೆಗೆದೆ. ಅತ್ತೆ ನೋಡಿದರು. ಬಯ್ಯುತ್ತಾರೆ ಅಂದುಕೊಂಡೆ. ಎದ್ದು ಹೋಗಿ ಎರಡೂ ಕಿಟಕಿ ಹಾಕಿದರು, ಬಾಗಿಲ ಸಂದಿಗೆ ಹಳೆ ಕೌದಿ ತುರುಕಿದರು. ಎಡಗಡೆ ಮಗ ಹಾಲು ಕುಡಿಯುತ್ತಿದ್ದ. ಬಲಗಿವಿಯ ತಿರುಪನ್ನು ಅವಳು ಸವರುತ್ತಿದ್ದಳು. ಕೊಬ್ಬರಿ ಎಣ್ಣೆ, ಲೋಬಾನದ ಹೊಗೆ, ಮಗುವಿನ ನೆತ್ತಿಯ ವಾಸನೆ. ನಾನು ಅಲುಗಾಡದೆ ಮಲಗಿದ್ದೆ.

ಬಾಣಂತನದ ದಿನಗಳು ಬೇಗ ಸರಿದವು. ಅಂಟಿನುಂಡಿ, ಅಳವಿ ಪಾಯಸ, ಬೆಳ್ಳುಳ್ಳಿ ಖಾರದ ಜೊತೆ ಬಿಸಿ ರೊಟ್ಟಿ. ಆಶಾ ಕಾರ್ಯಕರ್ತೆ 7ನೇ ದಿನ ಬಂದರು, ಆಮೇಲೆ 14, 21, 28, 42. ಜೋಳಿಗೆ ತಕ್ಕಡಿಯಲ್ಲಿ ಮಗುವನ್ನು ತೂಗಿದರು. ಮೊದಲು ಇಳಿದಿದ್ದ ತೂಕ ಎರಡನೇ ವಾರಕ್ಕೆ ವಾಪಸ್ ಬಂತು. ಹೊಕ್ಕಳಿಗೆ ಎಣ್ಣೆ, ಬೂದಿ, ಪೌಡರ್ ಏನೂ ಹಚ್ಚಬೇಡಿ, ಒಣಗಿರಲಿ ಅಂದರು. ಅತ್ತೆ ಔಡಲೆಣ್ಣೆಯ ಬಾಟಲಿಯನ್ನು ಮೇಲಿನ ಗೂಡಿಗೆ ಏರಿಸಿದರು.

ತೊಟ್ಟಿಲ ಬಗ್ಗೆ ಒಂದು ಮಾತು ಹೇಳಬೇಕು. ಅದು ಸಾಗವಾನಿಯದು, ಹಳೆ ಬಾಗಲಕೋಟೆಯ ಮನೆಯದು. ಘಟಪ್ರಭೆಯ ದಂಡೆಯ ಆ ಓಣಿ ಆಲಮಟ್ಟಿ ಹಿನ್ನೀರಿಗೆ ಹೋಯಿತು. ಮನೆ ಬಿಡುವಾಗ ಅತ್ತೆ ತಲೆಬಾಗಿಲು ಮತ್ತು ಈ ತೊಟ್ಟಿಲು ಎರಡನ್ನೂ ಇಲ್ಲಿಗೆ ತಂದರು. ಯಜಮಾನರು ಮಲಗಿದ್ದು ಅದರಲ್ಲೇ, ಮಗಳೂ ಅದರಲ್ಲೇ. ತೊಟ್ಟಿಲಿಗೆ ಹಾಕುವ ದಿನ ನೋಡಿದರೆ ಮಗಳು ಮೊದಲೇ ಹತ್ತಿ, ಮೊಣಕಾಲು ಮಡಚಿ ಮಲಗಿಬಿಟ್ಟಿದ್ದಳು. ಯಾರೋ ಇಳಿಸಲು ಹೋದರು. ಅತ್ತೆ ಬಿಡಲಿಲ್ಲ.

“ನೀರಿಗೆ ಮುಳುಗಲಿಲ್ಲ ಇದು. ಇಕಿ ಭಾರಕ್ಕ ಮುರಿತೈತೇನು?”

ಅವಳನ್ನೇ ಐದು ಸಲ ತೂಗಿದರು. ಐದಾದ ಮೇಲೆ ತಾನೇ ಇಳಿದಳು.

ಮಗ ಹುಟ್ಟಿ ಮೂರು ವಾರಕ್ಕೆ ಪಂಚಮಿ ಬಂತು. ಪಡಸಾಲೆಯ ತೊಲೆಗೆ ಜೋಕಾಲಿ ಕಟ್ಟಿದರು. ಒಳಗೆ ತೊಟ್ಟಿಲು ತೂಗುತ್ತಿತ್ತು, ಹೊರಗೆ ಅವಳು ಜೀಕುತ್ತಿದ್ದಳು. ಶೇಂಗಾ ಉಂಡಿ, ತಂಬಿಟ್ಟು, ಜೋಳದ ಅಳ್ಳು, ಮನೆ ತುಂಬ ಬೆಲ್ಲದ ವಾಸನೆ. ಪಡಸಾಲೆಯಲ್ಲಿ ಮಣ್ಣಿನ ನಾಗಪ್ಪನನ್ನು ಇಟ್ಟಿದ್ದರು. ನಾನು ಬಾಣಂತಿ ಕೋಣೆಯಲ್ಲಿ ಕೂತು ಕೇಳಿಸಿಕೊಳ್ಳುತ್ತಿದ್ದೆ. ಮನೆಯಲ್ಲಿ ಯಾರನ್ನೂ ಬಿಡದೆ ಒಬ್ಬೊಬ್ಬರ ಹೆಸರು ಹೇಳಿ ಹಾಲು ಎರೆಯಬೇಕು. ಅತ್ತೆ ಹೇಳಿಕೊಡುತ್ತಿದ್ದರು, ಅವಳು ಕೊಬ್ಬರಿ ಬಟ್ಟಲಿನಿಂದ ಎರೆಯುತ್ತಿದ್ದಳು.

“ದೇವರ ಪಾಲು. ಅಜ್ಜಿ ಪಾಲು. ಅಪ್ಪನ ಪಾಲು. ಅವ್ವನ ಪಾಲು.” ಆಮೇಲೆ ಬಹಳ ಹೊತ್ತು, “ನನ್ನ ಪಾಲು, ನನ್ನ ಪಾಲು.”

ಅಲ್ಲಿಗೆ ಮಾತು ನಿಂತಿತು. ಅತ್ತೆಯೂ ಏನೂ ಹೇಳಿಕೊಡಲಿಲ್ಲ. ನಾನು ತೊಟ್ಟಿಲ ಹಗ್ಗ ಹಿಡಿದು ಕಾದೆ.

ಕೋಣೆಯ ಪರದೆ ಸರಿಯಿತು. ಖಾಲಿ ಬಟ್ಟಲು ಹಿಡಿದು ಓಡಿ ಬಂದಿದ್ದಳು. ಗಲ್ಲಕ್ಕೆ ಹಾಲಿನ ಹನಿ ಸಿಡಿದಿತ್ತು.

“ಅವ್ವಾ, ಹಾಲು ಮುಗೀತು. ತಮ್ಮನ ಪಾಲು ಉಳದೈತಿ. ಲಗೂ ಹಾಕು.”