ಅಪ್‌ಡೇಟ್ ಆದಮೇಲೆ ವೈಫೈ ಮಾಯವಾದರೆ

ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ ಅಪ್‌ಡೇಟ್ ಆಗಿ ವೈಫೈ ಐಕಾನೇ ಕಾಣದಿದ್ದರೆ, ಒಳಗಿನ ವೈಫೈ ಕಾರ್ಡ್ ಹೋಯ್ತು ಅಂತ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಮಾರ್ಕೆಟ್ ಎಸ್‌ಪಿ ರೋಡಿಗೆ ಓಡಬೇಡಿ. ಮನೆಯಿಂದ ಕೆಲಸ ಮಾಡುವವರು ಗಾಬರಿಯಲ್ಲಿ, ಚೆನ್ನಾಗಿರೋ ಕಾರ್ಡಿಗೆ ಬದಲು ಹೊಸದಕ್ಕೆ ದುಡ್ಡು ಸುರಿಯೋದು ನೋಡಿದರೆ ಸಂಕಟವಾಗುತ್ತದೆ.

ಮೊದಲು ಶಿಫ್ಟ್ ಒತ್ತಿಹಿಡಿದು ಶಟ್‌ಡೌನ್ ಕೊಡಿ. ಚಾರ್ಜರ್ ತೆಗೆದು ಪವರ್ ಬಟನ್ 30 ಸೆಕೆಂಡ್ ಒತ್ತಿ. ಬೇಗ ಆನ್ ಆಗಲೆಂದು ವಿಂಡೋಸ್‌ನಲ್ಲಿರುವ ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ ಮಾಮೂಲಿ ಶಟ್‌ಡೌನ್‌ನಲ್ಲಿ ಡ್ರೈವರ್‌ಗಳ (ವೈಫೈ ಕಾರ್ಡಿನಂಥ ಭಾಗಗಳನ್ನು ನಡೆಸುವ ಸಾಫ್ಟ್‌ವೇರ್) ಸ್ಥಿತಿ ಡಿಸ್ಕಿನಲ್ಲಿ ಉಳಿದು, ಆನ್ ಮಾಡಿದಾಗ ಹಾಗೇ ವಾಪಸ್ ಬರುತ್ತದೆ. ತೊಂದರೆಯೂ ಜೊತೆಗೇ ಬರುತ್ತದೆ. ಎಷ್ಟೋ ಸಲ ಇಷ್ಟಕ್ಕೇ ಸರಿಹೋಗುತ್ತದೆ.

ಆಗಲಿಲ್ಲವೇ? ಲ್ಯಾಪ್‌ಟಾಪ್‌ನ ಭಾಗಗಳ ಪಟ್ಟಿ ತೋರಿಸುವ ಡಿವೈಸ್ ಮ್ಯಾನೇಜರ್‌ನಲ್ಲಿ ನೆಟ್‌ವರ್ಕ್ ಅಡಾಪ್ಟರ್ಸ್ ತೆರೆಯಿರಿ. ವೈಫೈ ಹೆಸರಿನ ಮೇಲೆ ಹಳದಿ ಗುರುತು, ಒಳಗೆ ಕೋಡ್ 10 (ಸಾಧನ ಶುರುವಾಗುತ್ತಿಲ್ಲ ಎಂಬ ಸೂಚನೆ) ಇದ್ದರೆ ಮೊದಲ ಅನುಮಾನ ಡ್ರೈವರ್ ಮೇಲೆ. ಹಳೇ ಡ್ರೈವರ್‌ಗೆ ವಾಪಸ್ ಹೋಗಲು ಆ ಹೆಸರಿನ ಪ್ರಾಪರ್ಟೀಸ್, ಡ್ರೈವರ್ ಟ್ಯಾಬ್, ರೋಲ್ ಬ್ಯಾಕ್ ಒತ್ತಿ. ಆ ಬಟನ್ ಮಂಕಾಗಿದ್ದರೆ ವಾಪಸ್ ಹೋಗಲು ಹಳೇ ಡ್ರೈವರ್ ಇಲ್ಲ. ಆಗ ಫೋನನ್ನು ಕೇಬಲ್‌ನಲ್ಲಿ ಜೋಡಿಸಿ, ಫೋನಿನ ಇಂಟರ್ನೆಟ್ ಲ್ಯಾಪ್‌ಟಾಪ್‌ಗೆ ಕೊಡುವ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ, ಲ್ಯಾಪ್‌ಟಾಪ್ ಕಂಪನಿಯ ಸೈಟಿನಿಂದಲೇ ನಿಮ್ಮ ಮಾಡೆಲ್‌ನ ಡ್ರೈವರ್ ಇಳಿಸಿಕೊಳ್ಳಿ. ಡ್ರೈವರ್ ಹುಡುಕಿಕೊಡುವ ಆಪ್‌ಗಳ ಸಹವಾಸ ಬೇಡವೇ ಬೇಡ.

ನೆಟ್‌ವರ್ಕ್ ಸೆಟ್ಟಿಂಗ್‌ಗಳನ್ನೆಲ್ಲ ಅಳಿಸಿ ಹೊಸದಾಗಿ ಶುರುಮಾಡುವ ನೆಟ್‌ವರ್ಕ್ ರೀಸೆಟ್ ಕೊನೆಗಿರಲಿ. ಅದಾದಮೇಲೆ ಆಫೀಸಿನ ನೆಟ್‌ವರ್ಕಿಗೆ ಸೇರಿಸುವ ವಿಪಿಎನ್ ಮತ್ತೆ ಹಾಕಿಕೊಳ್ಳಬೇಕಾಗಬಹುದು.